ಬೀದಿಗೊಂದೇ ವಿಳಾಸ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ವೈರಕ್ಕ ಎಂದೇ ಕರೆಯುತ್ತಿದ್ದರು. ಹೆಗಲಿಗೆ ತಂತಿಯ ಸುರುಳಿ, ಸೊಂಟದ ಚೀಲದಲ್ಲಿ ಇಕ್ಕಳ, ಕಟ್ಟರು, ಕಪ್ಪು ಟೇಪು. ಮೊದಲು ಅವಳು ಬೀದಿಗೆ ಇಂಟರ್‌ನೆಟ್ ಕೊಡುವ ನೆಟ್ ಕಚೇರಿಯಲ್ಲಿ ಕೂತು ಫೋನಿನಲ್ಲಿ ದೂರು ಕೇಳುವವಳಾಗಿದ್ದಳು. ಲೈನಿನ ಕೆಲಸ ಮಾಡುತ್ತಿದ್ದವನು ಹೇಳದೆ ಕೇಳದೆ ಬಿಟ್ಟು ಹೋದ ದಿನ, ಏಣಿ ತೆಗೆದುಕೊಂಡು ತಾನೇ ಹೊರಟಳು.

"ಹತ್ತೋಕೆ ಭಯ ಆಗಲ್ವೇನಮ್ಮ?" ಎಂದು ಕೇಳಿದ ಕಚೇರಿಯ ಓನರ್.

"ಫೋನಲ್ಲಿ ಬೈಸಿಕೊಳ್ಳೋದಕ್ಕಿಂತ ಏಣಿ ವಾಸಿ ಸಾರ್" ಅಂದಿದ್ದಳು.

ಮದುವೆಯಾಗಿರಲಿಲ್ಲ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಅವಳ ತಮ್ಮನೂ ಇದ್ದರು. ಅವನು ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಸಂಜೆಯಾದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಪುಟ್ಟ ಪುಟ್ಟ ಚಪ್ಪಲಿಗಳು. ಅವನಿಗೆ ಚಿಕ್ಕಂದಿನಿಂದ ತೊದಲು. ಅಂಗಡಿಯಲ್ಲಿ ಸೋಪು ಕೇಳುವುದಕ್ಕೂ ತಡವರಿಸುತ್ತಿದ್ದವನು ಭಿನ್ನರಾಶಿ ಹೇಳಿಕೊಡುವಾಗ ಮಾತ್ರ ನೀರು ಹರಿದ ಹಾಗೆ ಮಾತಾಡುತ್ತಿದ್ದ. ಬೀದಿಯವರು ಗೌರವದಿಂದ ಮೇಷ್ಟ್ರೇ ಎನ್ನುತ್ತಿದ್ದರು.

ಅಂಥವನನ್ನು ಒಂದು ಬೆಳಿಗ್ಗೆ ಪೊಲೀಸರು ಕರೆದುಕೊಂಡು ಹೋದರು.

ಊರಿನ ಇನ್ನೊಂದು ಕಡೆ ಓದುತ್ತಿದ್ದ ಹುಡುಗಿಯೊಬ್ಬಳಿಗೆ ಯಾರೋ ಕಂಪ್ಯೂಟರಿನಿಂದ ಹೊಲಸು ಹೊಲಸಾಗಿ ಬರೆದು ಕಳಿಸುತ್ತಿದ್ದರಂತೆ. ಮನೆಯವರು ದೂರು ಕೊಟ್ಟರು, ಪೊಲೀಸರು ಹುಡುಕಿದರು. ಅದು ಬಂದ ಇಂಟರ್‌ನೆಟ್ ವಿಳಾಸದ, ಅಂದರೆ ಕಳಿಸಿದ ಜಾಗದ ಗುರುತಿನ ಸಂಖ್ಯೆಯ, ಜಾಡು ಹಿಡಿದು ನೇರ ನೆಟ್ ಕಚೇರಿಗೇ ಬಂದರು. ಓನರ್ ಇದ್ದದ್ದು ಇದ್ದ ಹಾಗೆ ಹೇಳಿದ: ಆ ವಿಳಾಸ ಒಬ್ಬರದಲ್ಲ, ಇಡೀ ಬೀದಿಯದು. ಹೊರಗಿನಿಂದ ನೋಡಿದರೆ ಎಲ್ಲ ಮನೆಗೂ ಅದೊಂದೇ. ಯಾವ ಮನೆಯಿಂದ ಹೋಯಿತು ಎಂದು ತನಗೂ ಗೊತ್ತಾಗುವುದಿಲ್ಲ. ಸರಿ, ಆ ಮನೆಗಳಲ್ಲಿ ಒಂಟಿ ಗಂಡಸರು ಯಾರು ಎಂದು ಕೇಳಿದರು. ಮದುವೆಯಾಗದವನು, ಮನೆಗೆ ಮಕ್ಕಳು ಬಂದು ಹೋಗುವವನು, ಒಬ್ಬ ಸಿಕ್ಕ. ಠಾಣೆಯಲ್ಲಿ ಪ್ರಶ್ನೆ ಕೇಳಿದಾಗ ಅವನು ತೊದಲಿದ. ತೊದಲಿದ್ದನ್ನು ಅವರು ತಪ್ಪು ಮಾಡಿದವನ ತಡವರಿಕೆ ಎಂದುಕೊಂಡರು.

ಅವನ ಫೋನು, ಹಳೇ ಕಂಪ್ಯೂಟರು ಎಲ್ಲ ತೆಗೆದುಕೊಂಡು ಹೋಗಿ ಶೋಧಿಸಿದರು. ಏನೂ ಸಿಗಲಿಲ್ಲ. ಕೆಲವು ವಾರಗಳ ಮೇಲೆ ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ತುಂಬಿ ವಾಪಸು ಕೊಟ್ಟರು. ನೀನು ತಪ್ಪಿತಸ್ಥ ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಯಾರೂ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಬರೆ ಬಿದ್ದ ಎಮ್ಮೆಯನ್ನು ಆಮೇಲೆ ಯಾರು ಮಾತಾಡಿಸುತ್ತಾರೆ? ಮಕ್ಕಳು ಬರುವುದು ನಿಂತಿತು. ಒಬ್ಬಳಿಗೆ ಸಂಗೀತದ ಕ್ಲಾಸಂತೆ, ಇನ್ನೊಬ್ಬನಿಗೆ ಕಣ್ಣುನೋವಂತೆ. ಮೆಟ್ಟಿಲು ಖಾಲಿಯಾಯಿತು.

ಕಿಟಕಿಯ ಹತ್ತಿರ ತಮ್ಮ ಕೂತಿರುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಮತ್ತೆ ಅಲ್ಲಿಗೇ ಹೋಗುತ್ತಿದ್ದ.

ವೈರಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಓನರ್ ಎದುರು ನಿಂತು ಕೇಳಿದಳು. "ಇಷ್ಟು ಮನೆಗೆ ಒಂದೇ ವಿಳಾಸ ಯಾಕೆ ಸಾರ್? ಮನೆಗೊಂದು ಕೊಟ್ಟಿದ್ರೆ ಏನಾಗ್ತಿತ್ತು?"

"ಹಳೇ ನಮೂನೆ ವಿಳಾಸಗಳು ಪ್ರಪಂಚದಲ್ಲೇ ಮುಗಿದು ಹೋಗಿವೆ ಕಣಮ್ಮ. ನಮಗೆ ಸಿಕ್ಕಿದ್ದೇ ಅಷ್ಟು, ಎಲ್ಲರಿಗೂ ಹಂಚಿದ್ದೀನಿ. ಹೊಸ ನಮೂನೆ ವಿಳಾಸ ಬಂದಿದೆ, ಐಪಿವಿ6 ಅಂತ. ಅದು ಬೇಕಾದಷ್ಟಿದೆ. ಮನೆಗೊಂದಲ್ಲ, ಮನೇಲಿರೋ ಒಂದೊಂದು ಫೋನಿಗೂ ಒಂದೊಂದು ಕೊಡಬಹುದು. ನಮ್ಮ ಕಡೆಯಿಂದ ಬಿಟ್ಟು ವರ್ಷವಾಯ್ತು."

"ಮತ್ತೆ?"

"ಮನೇಲಿರೋ ರೂಟರು ಅದನ್ನ ತಗೋಬೇಕಲ್ಲ. ಎಲ್ಲರೂ ತಂದಿರೋದು ಅಗ್ಗದ ಡಬ್ಬ. ಒಳಗೆ ಆ ಸೌಲಭ್ಯ ಇದೆ, ಕಂಪನಿಯವರು ಆಫ್ ಮಾಡೇ ಕಳಿಸ್ತಾರೆ. ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲ್ಲ."

"ನಾನು ಹೋಗಿ ಆನ್ ಮಾಡ್ತೀನಿ."

"ನಿನ್ನ ತಮ್ಮಂಗೆ ಆಗಿದ್ದು ಅದರಿಂದ ಸರಿಹೋಗಲ್ಲಮ್ಮ" ಎಂದ ಓನರ್, ಮೆಲ್ಲಗೆ.

"ಗೊತ್ತು ಸಾರ್."

ಮೊದಲು ತನ್ನ ಮನೆಯಲ್ಲೇ ಮಾಡಿ ನೋಡಿದಳು. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಬಿಳಿ ರೂಟರನ್ನು ತಿರುಗಿಸಿ, ಬೆನ್ನಿಗೆ ಅಂಟಿಸಿದ್ದ ಚೀಟಿಯ ಪಾಸ್‌ವರ್ಡ್ ಹಾಕಿ, ಫೋನಿನಲ್ಲಿ ಅದರ ಪುಟ ತೆರೆದಳು. ಐಪಿವಿ6 ಎಂಬ ಸಾಲೇ ಇರಲಿಲ್ಲ. ರೂಟರಿನ ಒಳಗಿನ ಸಾಫ್ಟ್‌ವೇರು ಹಳತು; ಹೊಸದನ್ನು ಇಳಿಸಿ ಹಾಕಿದ ಮೇಲೆ, ಮೆನುವಿನ ತೀರಾ ಕೆಳಗೆ, ಅಡುಗೆಮನೆಯ ಮೂಲೆಯಲ್ಲಿ ಅಡಗಿದ ಬೆಕ್ಕಿನ ಹಾಗೆ ಕಾಣಿಸಿತು. ಆನ್ ಮಾಡಿದಳು. ತಾನಾಗಿ ವಿಳಾಸ ಪಡೆದುಕೋ ಎಂಬುದನ್ನು ಆರಿಸಿದಳು. ಏನೂ ಬರಲಿಲ್ಲ. ರೂಟರನ್ನು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಾಗ ಬಂತು: ಅಂಕಿಯೂ ಅಕ್ಷರವೂ ಬೆರೆತ, ನಡುನಡುವೆ ಎರಡೆರಡು ಚುಕ್ಕಿಯಿಟ್ಟ, ಉದ್ದನೆಯ ಒಂದು ಸಾಲು. ಇನ್ನು ಮೇಲೆ ಮನೆಯ ಫೋನುಗಳು ನೇರ ಹೊರಗಿನವರಿಗೆ ಕಾಣುತ್ತವಲ್ಲ, ಅದಕ್ಕೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಹಾಕಿದೆಯೇ ಎಂದು ನೋಡಿಕೊಂಡಳು. ಹಳೇ ವಿಳಾಸವೂ ಜೊತೆಗೇ ಇತ್ತು, ಆದರೆ ದೊಡ್ಡ ದೊಡ್ಡ ತಾಣಗಳಿಗೆಲ್ಲ ಹೊಸ ದಾರಿಯಲ್ಲೇ ಹೋಗುತ್ತಿತ್ತು.

"ನೋಡೋ, ಇದು ನಮ್ಮ ಮನೇದು ಮಾತ್ರ" ಎಂದು ತಮ್ಮನಿಗೆ ತೋರಿಸಿದಳು.

ಅವನು ನೋಡಿದ. "ಉ...ಉದ್ದ ಇದೆ" ಎಂದ. ಅಷ್ಟೇ.

ಮರುದಿನದಿಂದ ಮನೆ ಮನೆ ಹತ್ತಿದಳು. ಟೈಲರ ಮನೆಯಲ್ಲಿ ರೂಟರು ಬಟ್ಟೆಯ ರಾಶಿಯ ಅಡಿಯಲ್ಲಿ ಬಿಸಿಯಾಗಿ ಕೂತಿತ್ತು. ಬ್ಯಾಂಕಿನ ಗುಮಾಸ್ತೆಯ ಮನೆಯಲ್ಲಿ ಅದರ ಮೇಲೆ ಹೂಕುಂಡ ಇಟ್ಟಿದ್ದರು. "ನೆಟ್ ಜೋರಾಗುತ್ತಾ ಅಕ್ಕ?" ಎಂದು ಎಲ್ಲರೂ ಕೇಳುತ್ತಿದ್ದರು. "ಜೋರಾಗಲ್ಲ, ನಿಮ್ಮದು ನಿಮಗೇ ಇರುತ್ತೆ" ಎನ್ನುತ್ತಿದ್ದಳು. ಕೆಲವರು ನೀರು ಕೊಟ್ಟರು, ಕುರ್ಚಿ ಕೊಟ್ಟರು. ಮೇಷ್ಟ್ರು ಹೇಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ.

ಕೆಲಸ ಮಾಡುತ್ತಾ ಅವಳಿಗೆ ಇನ್ನೊಂದು ಚಾಳಿ ಅಂಟಿಕೊಂಡಿತು. ಈ ಬೀದಿಯ ಯಾವುದೋ ಒಂದು ಮನೆಯಲ್ಲಿ ಆ ಹೊಲಸನ್ನು ಬರೆದವನು ಇದ್ದಾನೆ. ತಾನು ಅವನ ಮನೆಯ ನೀರನ್ನೂ ಕುಡಿದಿರಬಹುದು. ಹಾಗೆಂದುಕೊಂಡು ಮುಖ ನೋಡತೊಡಗಿದಳು. ಸುಮ್ಮನೆ ನಕ್ಕವನ ಮೇಲೆ ಅನುಮಾನ, ನಗದವನ ಮೇಲೂ ಅನುಮಾನ.

ಬೇಡ ಎಂದವರು ಒಬ್ಬರೇ. ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಚಿಕ್ಕವರೆಲ್ಲ ಗಡಿಯಾರದ ಮಾಮ ಎನ್ನುತ್ತಿದ್ದರು. ಅವರು ಬಾಗಿಲನ್ನು ಒಂದು ಗೇಣಷ್ಟು ಮಾತ್ರ ತೆರೆದರು.

"ನಮ್ಮನೇಲಿ ಬೇಡಮ್ಮ."

"ದುಡ್ಡೇನಿಲ್ಲ ಮಾಮ. ಹತ್ತು ನಿಮಿಷದ ಕೆಲಸ."

"ಇರೋದೇ ಚೆನ್ನಾಗಿದೆ. ಹೋಗಮ್ಮ ನೀನು." ಬಾಗಿಲು ಮುಚ್ಚಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ ಎಂದುಕೊಂಡಳು ವೈರಕ್ಕ. ದಾರಿಯಲ್ಲಿ ಟೈಲರ ಹೆಂಡತಿ ಸಿಕ್ಕಿದಳು. "ಎಲ್ಲರ ಮನೇದೂ ಆಯ್ತಾ?" ಎಂದು ಕೇಳಿದಳು. "ಆಯ್ತು. ಗಡಿಯಾರದವರು ಮಾತ್ರ ಒಳಗೇ ಬಿಡಲಿಲ್ಲ. ಯಾಕೋ ಏನೋ" ಎಂದಳು ಇವಳು. ಆ "ಯಾಕೋ ಏನೋ" ಎಂಬುದನ್ನು ಸ್ವಲ್ಪ ಎಳೆದೇ ಹೇಳಿದಳು.

ಆ ರಾಗವೇ ಸಾಕಾಯಿತು. ನಾಲ್ಕು ದಿನದಲ್ಲಿ ಮಾತು ಬೀದಿಯ ಎರಡೂ ತುದಿ ಮುಟ್ಟಿತು. ಗಡಿಯಾರದ ಅಂಗಡಿಗೆ ಬೀಗ ಹಾಕುವಾಗ ಯಾರೂ ನಮಸ್ಕಾರ ಹೇಳಲಿಲ್ಲ. ಅಂಗಡಿಯ ಹಲಗೆಯ ಮೇಲೆ ಯಾರೋ ಇದ್ದಿಲಿನಿಂದ ಒಂದು ಕೆಟ್ಟ ಪದ ಬರೆದರು. ಅವರು ಒದ್ದೆ ಬಟ್ಟೆ ತಂದು ಒರೆಸುತ್ತಿದ್ದುದನ್ನು ಕಿಟಕಿಯಿಂದ ತಮ್ಮ ನೋಡಿದ.

ಅಂದು ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. ಎಷ್ಟೋ ದಿನದ ಮೇಲೆ.

"ಅ...ಅಕ್ಕ, ಗಡಿಯಾರದವರ ವಿಷಯ ನೀನು ಹೇಳಿದ್ದಾ?"

"ನಾನೇನೂ ಹೇಳ್ಲಿಲ್ಲ. ಬಿಡಲಿಲ್ಲ ಅಂತ ಅಂದೆ ಅಷ್ಟೇ. ನಿಜ ತಾನೇ ಅದು?"

"ನ...ನಾನು ತೊದಲಿದ್ದೂ ನಿಜ."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಅವನು ಎದ್ದು ತಟ್ಟೆ ತೊಳೆಯಲು ಹೋದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚೀಲ ಬಿಟ್ಟು ಬರಿಗೈಯಲ್ಲಿ ಗಡಿಯಾರದವರ ಬಾಗಿಲು ತಟ್ಟಿದಳು. ಮತ್ತೆ ಅದೇ ಒಂದು ಗೇಣು.

"ನನ್ನ ಬಾಯಿಂದ ಒಂದು ಮಾತು ಬಂತು ಮಾಮ. ತಪ್ಪಾಯ್ತು. ಅದನ್ನ ಹೇಳೋಕೆ ಬಂದೆ."

ಅವರು ಬಾಗಿಲನ್ನು ಪೂರ್ತಿ ತೆರೆದರು. ಒಳಗಿನಿಂದ ಔಷಧಿಯ, ಹುಣ್ಣಿನ ವಾಸನೆ ಬಂತು. ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಮಲಗಿದ್ದಳು. ಮೈ ಮೂಳೆ ಚಕ್ಕಳ. ತಲೆಯಲ್ಲಿ ಒಂದೂ ಕೂದಲಿಲ್ಲ. ತಲೆದಿಂಬಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ರೂಟರು ಸಿಕ್ಕಿಸಿದ್ದರು.

"ಇವಳು ಯಾರಿಗೂ ಮುಖ ತೋರಿಸಲ್ಲ ಅಂತಾಳೆ. ತಂಗಿ ಬಂದ್ರೂ ಒಳಗೆ ಬಿಡಬೇಡಿ ಅಂತಾಳೆ. ಒಂದು ಕಾಲದಲ್ಲಿ ಈ ಬೀದೀಲಿ ಇವಳಷ್ಟು ಚೆನ್ನಾಗಿ ಸೀರೆ ಉಡೋರು ಇರಲಿಲ್ಲ" ಎಂದರು ಗಡಿಯಾರದವರು. "ಅದಕ್ಕೇ ಬೇಡ ಅಂದೆ. ಬೇರೇನಿಲ್ಲ."

ಹೆಂಗಸು ಕಣ್ಣು ಬಿಟ್ಟಳು. "ಬಂದಾಯ್ತಲ್ಲ, ನೋಡಿಯೂ ಆಯ್ತು" ಎಂದಳು ಸಣ್ಣ ದನಿಯಲ್ಲಿ. "ಅದೇನು ಮಾಡ್ಬೇಕೋ ಮಾಡಿ ಹೋಗು."

ವೈರಕ್ಕ ಮಂಚದ ಪಕ್ಕ ಮಂಡಿಯೂರಿ ಫೋನಿನಲ್ಲಿ ರೂಟರಿನ ಪುಟ ತೆರೆದಳು. ಇದು ಅವಳ ಮನೆಯಲ್ಲಿದ್ದ ಜಾತಿಯದೇ ಅಗ್ಗದ ಡಬ್ಬ. ಮಾಡುವುದೆಲ್ಲ ಬಾಯಿಪಾಠವಾಗಿತ್ತು. ವಿಳಾಸ ಬಂದಾಗ ಯಾರಿಗೂ ತೋರಿಸದೆ, ಬರುತ್ತೇನೆ ಎಂದಷ್ಟೇ ಹೇಳಿ ಹೊರಬಿದ್ದಳು.

ಆಮೇಲೆ ತಾನು ಆಡಿದ ಮಾತನ್ನು ಅಳಿಸಲು ಮತ್ತೆ ಮನೆ ಮನೆ ಹೋದಳು. ಗಡಿಯಾರದವರು ಹಾಗಲ್ಲ, ಹೆಂಡತಿಗೆ ಕಾಯಿಲೆ, ಅದಕ್ಕೆ ಬಿಡಲಿಲ್ಲ ಎಂದಳು. ಪಾಪ ಎಂದರು ಎಲ್ಲರೂ. ಟೈಲರ ಹೆಂಡತಿ ಮಾತ್ರ ಮನಸ್ಸಿನಲ್ಲಿದ್ದುದನ್ನು ಆಡಿದಳು. "ಕಾಯಿಲೆ ಇರ್ಬಹುದು ಬಿಡಿ. ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವೈರಕ್ಕನ ತಮ್ಮನ ಬಗ್ಗೆಯೂ ಅದೇ ಬಾಯಿ ಅದನ್ನೇ ಹೇಳಿರಬೇಕು.

ಮಳೆಗಾಲ ಶುರುವಾಗುವ ಮೊದಲೇ ಆ ಹೆಂಗಸು ತೀರಿಕೊಂಡಳು. ಬೀದಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿಯೇ ಇದ್ದವು. ಇಬ್ಬರು ಮೂವರು ದೂರದಲ್ಲಿ ನಿಂತು ಹೋದರು. ಹೆಗಲು ಕೊಡಲು ಒಬ್ಬ ಕಡಿಮೆ ಬಿದ್ದ. ತಿಂಗಳುಗಟ್ಟಲೆ ಮನೆಯ ಹೊಸಿಲು ದಾಟದ ತಮ್ಮ, ಅಂಗಿ ಬದಲಿಸಿ ಮೆಟ್ಟಿಲಿಳಿದು ಹೋದ. ಸುಡುವ ಜಾಗದಿಂದ ಬಂದ ಮೇಲೆ ಗಡಿಯಾರದವರ ಜೊತೆ ಅವರ ಖಾಲಿ ಕೋಣೆಯಲ್ಲಿ ಸಂಜೆಯವರೆಗೂ ಕೂತಿದ್ದ. ಗಡಿಯಾರದವರು ಆ ತಿಂಗಳೇ ಅಂಗಡಿ ಮುಚ್ಚಿ ಹೆಂಡತಿಯ ತಂಗಿಯ ಊರಿಗೆ ಹೊರಟು ಹೋದರು.

ಆ ಹೊಲಸನ್ನು ಬರೆದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಬೀದಿಯ ಪ್ರತಿ ಮನೆಗೂ ಈಗ ಅದರದೇ ವಿಳಾಸವಿದೆ. ಹಾಗೆ ಬರೆಯುವುದೂ ನಿಂತು ಹೋಯಿತಂತೆ. ಹೆದರಿ ನಿಲ್ಲಿಸಿದನೋ, ಬೇಸರ ಬಂದು ನಿಲ್ಲಿಸಿದನೋ, ಬೀದಿ ಬಿಟ್ಟು ಹೋದನೋ.

ಪರೀಕ್ಷೆ ಹತ್ತಿರ ಬಂದಾಗ ಬ್ಯಾಂಕಿನ ಗುಮಾಸ್ತೆ ತನ್ನ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. "ಮೇಷ್ಟ್ರೇ, ಇವಳಿಗೆ ಲೆಕ್ಕ ತಲೆಗೇ ಹತ್ತುತ್ತಿಲ್ಲ. ಆಗಿದ್ದೆಲ್ಲ ಮರೆತುಬಿಡಿ. ನಾನೂ ಇಲ್ಲೇ ಈ ಕುರ್ಚೀಲಿ ಕೂತಿರ್ತೀನಿ, ಒಂದು ಗಂಟೆ ಹೇಳ್ಕೊಡಿ ಸಾಕು."

ತಮ್ಮ ಆ ಮಗುವಿನ ಕಡೆ ನೋಡಿದ. ಆಮೇಲೆ ತಾಯಿ ಕೂರುತ್ತೇನೆಂದ ಕುರ್ಚಿಯನ್ನು ನೋಡಿದ.

"ಬೇ...ಬೇಡಮ್ಮ. ನಾನು ಬೇರೆ ಕೆಲಸ ಹಿಡಿದಿದ್ದೀನಿ" ಎಂದ.

ವೈರಕ್ಕನಿಗೂ ಅದು ತಿಳಿದದ್ದು ಆಗಲೇ, ಮೊದಲ ಸಲ. ಊರಾಚೆಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ, ಪೆಟ್ಟಿಗೆ ಮಡಚಿ ಅಂಟಿಸುವ ಕೆಲಸ. ಅಲ್ಲಿ ಯಂತ್ರದ ಸದ್ದಿಗೆ ಯಾರೂ ಯಾರೊಂದಿಗೂ ಮಾತಾಡುವುದಿಲ್ಲವಂತೆ. ತಾಯಿ ಮಗಳು ಇಳಿದು ಹೋದ ಮೇಲೆ ಅವಳು ಕೇಳಿದಳು. "ನಂಗೊಂದು ಮಾತು ಹೇಳ್ಬಾರದಿತ್ತಾ?"

"ಹೇಳ್ತಿದ್ದೆ" ಎಂದು ಅವನು ಹಾಸಿಗೆ ಬಿಡಿಸಿದ. "ಬ...ಬಸ್ಸು ಆರಕ್ಕೇ ಇದೆ. ಬೇಗ ಎಬ್ಬಿಸು ಅಕ್ಕ."