ತೊಳೆಯದ ಬೆರಳು

ಮೊನ್ನೆ ನಮ್ಮ ಐಸಿಯು ಬಾಗಿಲಲ್ಲಿ ಯಾರದೋ ಸ್ಟೀಲ್ ಡಬ್ಬಿಯಿಂದ ಪಂಚಾಮೃತದ ವಾಸನೆ ಬಂತು. ಬಾಳೆಹಣ್ಣು, ಜೇನು, ತುಪ್ಪ... ಶಿಕಾರಿಪುರದ ಹಳೆಯ ಆಸ್ಪತ್ರೆಯಲ್ಲಿ ನನಗೆ ಕೆಲಸ ಕಲಿಸಿದ ದೊಡ್ಡ ಸಿಸ್ಟರ್ ನೆನಪಾದರು.

ಹಾಸಿಗೆ ಪಕ್ಕದಲ್ಲೇ ಒಂದು ಹನಿ ರಕ್ತದಿಂದ ಸಕ್ಕರೆ ಪ್ರಮಾಣ ತೋರಿಸುವ ಗ್ಲೂಕೋಮೀಟರನ್ನು ಅವರು ಎಂದೂ ಕಣ್ಣುಮುಚ್ಚಿ ನಂಬಿದವರಲ್ಲ. ರೋಗಿಯ ಬೆರಳನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಮೊದಲ ಹನಿ ಬಿಟ್ಟು ಎರಡನೆಯದನ್ನೇ ಹಿಡಿಯಬೇಕು. ನಾನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮುಗಿಸಿದರೆ ಬೈಗುಳ ಗ್ಯಾರಂಟಿ.

"ಬೆರಳಿಗೆ ಅಂಟಿದ್ ಸಕ್ಕರೆ ಯಾವ್ದು, ರಕ್ತದ್ ಯಾವ್ದು ಅಂತ ಮೆಷಿನ್‌ಗೇನ್ ಗೊತ್ತಾಗತ್ತೆ ಮಾರಾಯ್ತಿ? ತೊಳಿ ಮೊದ್ಲು!"

ನನಗೋ ಕೈ ಚುರುಕೆಂಬ ಜಂಬ. ಒಂದು ದಿನ ಹಳ್ಳಿಯ ಅಜ್ಜಿಯೊಬ್ಬರು ಎಚ್ಚರವಿಲ್ಲದೆ ಮಲಗಿದ್ದರು. ನೋಡಲು ಬಂದ ಸೊಸೆ, ಬಾಯಿಗೆ ಏನೂ ಕೊಡಬಾರದೆಂದು ಅಜ್ಜಿಯ ಅಂಗೈಗೇ ಪಂಚಾಮೃತ ಹಾಕಿ, ಸೆರಗಿನಲ್ಲಿ ಒರೆಸಿ ಹೋದಳು. ಕಂಡೂ ನಾನು ಅದೇ ಕೈಯ ಬೆರಳಿಗೆ ಸ್ಪಿರಿಟ್ ಸವರಿ ಚುಚ್ಚಿದೆ. ಮೆಷಿನ್ ನಾನೂರು ದಾಟಿತು. ಬೆಳಿಗ್ಗೆ ನೂರೈವತ್ತಿದ್ದದ್ದು ಹೀಗೇಕಾಯಿತೆಂದು ಯೋಚಿಸಲೂ ಇಲ್ಲ, ಡಾಕ್ಟರು ಬರೆದಿಟ್ಟ ಪ್ರಕಾರ ಇನ್ಸುಲಿನ್ ಕೊಟ್ಟುಬಿಟ್ಟೆ.

ಅಜ್ಜಿ ಬೆವರಿ ತೊಯ್ದು ಹೋದದ್ದನ್ನು ಮೊದಲು ಕಂಡವರು ಸಿಸ್ಟರೇ. ಇನ್ನೊಂದು ಕೈ ತೊಳೆದು ನೋಡಿದರೆ ಬರೀ ಮೂವತ್ತೆರಡು! ತಕ್ಷಣ ಗ್ಲೂಕೋಸ್ ಏರಿಸಿ ಜೀವ ಉಳಿಸಿದರು.

ಮರುದಿನ ಆಸ್ಪತ್ರೆಯ ಮ್ಯಾನೇಜರ್ ಇಬ್ಬರನ್ನೂ ಕರೆಸಿ ನನ್ನನ್ನು ಕೇಳಿದರು. "ಬೆರಳು ತೊಳಿಬೇಕು ಅಂತ ಈ ಸಿಸ್ಟರ್ ನಿಮಗೆ ಹೇಳಿಕೊಟ್ಟಿರ್ಲಿಲ್ವೇನ್ರೀ?"

"ಇಲ್ಲ ಸರ್" ಎಂದೆ.

ಕೆಲಸ ಹೋಗುವ ಹೆದರಿಕೆ... ಹೆದರಿಕೆ ಏನು ಬಂತು, ಶುದ್ಧ ನೀಚತನ. ಸಿಸ್ಟರ್ ನನ್ನ ಸುಳ್ಳನ್ನು ಅಲ್ಲಗಳೆಯಲಿಲ್ಲ. ಸಂಜೆಯೊಳಗೆ ಅವರನ್ನು ಕೆಲಸದಿಂದ ತೆಗೆದರು. ನಾನು ಉಳಿದೆ, ಬಡ್ತಿಯನ್ನೂ ಪಡೆದೆ. ಥೂ, ನನ್ನ ಬಾಳಿಗಿಷ್ಟು.

ಮೊನ್ನೆಯ ಆ ವಾಸನೆ ಮೂಗು ಬಿಟ್ಟು ಹೋಗಲಿಲ್ಲ. ಈಗಲಾದರೂ ತಪ್ಪೊಪ್ಪಿಕೊಳ್ಳೋಣವೆಂದು ನಿನ್ನೆ ಸಿಸ್ಟರ್ ಮನೆಯ ವಿಳಾಸ ಹುಡುಕಿಕೊಂಡು ಸೊರಬಕ್ಕೆ ಹೋದೆ. ಅವರು ತೀರಿಕೊಂಡು ತಿಂಗಳಾಗಿತ್ತು. ಕ್ಷಮೆ ಕೇಳಬೇಕಾದವರೇ ಇನ್ನಿಲ್ಲ. ಮಗಳು ಕೂರಿಸಿ ಟೀ ಕೊಟ್ಟಳು.

"ಅಮ್ಮ ನಿಮ್ಮನ್ನ ಭಾಳ ನೆನೆಸ್ತಿದ್ರು ಅಕ್ಕಾ. ಆ ಕೆಲ್ಸ ಬಿಟ್ಟಿದ್ದು ಯಾಕೆ ಅಂತ ಮಾತ್ರ ಕಡೇವರೆಗೂ ಹೇಳ್ಲೇ ಇಲ್ಲ. ನಿಮಗೇನಾದ್ರೂ ಗೊತ್ತೇನ್ರೀ?"

ಅದನ್ನು ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಲೋಟ ಕೆಳಗಿಟ್ಟೆ.

"ಗೊತ್ತಿಲ್ಲಮ್ಮ" ಎಂದೆ.