ಅಕ್ಕನ ಪಿತ್ತಕೋಶಕ್ಕೆ ನಾನು ಕೇಳಿದ ದರ

ಒಟ್ಟು ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ ಆಯಿತು. ಡಾಕ್ಟರ ಕೈಚಳಕ, ಒಳಗಿಟ್ಟ ಲೋಹದ ಸ್ಟೆಂಟು, ಖೋಲಿ, ಔಷಧಿ ಎಲ್ಲ ಸೇರಿ ಎರಡು ಲಕ್ಷಕ್ಕೆ ಮುಗಿಯುವ ಕೆಲಸ. ಉಳಿದ ನಲವತ್ತು ಸಾವಿರ ನನ್ನ ಜಾಣತನದ ಖರ್ಚು.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕೊನೆಯ ವರ್ಷಗಳವು. ಕಲಬುರ್ಗಿ ಕಡೆಯಿಂದ ಬರಿಗೈಲಿ ಬಂದ ನಾನು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ ಹಾಕಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಮಟ್ಟಕ್ಕೆ ಬಂದಿದ್ದೆ. ನನ್ನನ್ನು ಎತ್ತಿ ಆಡಿಸಿದ ಅಕ್ಕ, ಎಪ್ಪತ್ತೆಂಟರಾಕೆ, ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಹೊಟ್ಟೆನೋವು, ಚಳಿಜ್ವರ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಪಿತ್ತಕೋಶದ ಬಾಯಿಗೆ ಕಲ್ಲು ಸಿಕ್ಕಿ ಒಳಗೆ ಕೀವಾಗಿದೆ ಅಂದರು. ಕೊಯ್ದು ತೆಗೆಯುವುದು ರೂಢಿ. ಆದರೆ ಅಕ್ಕನ ಹೃದಯದ ರಿಪೋರ್ಟು ನೋಡಿದ ಸರ್ಜನ್ನರು ಫೈಲು ಮುಚ್ಚಿ, ಮಲಗಿಸಬಲ್ಲೆ, ಎಬ್ಬಿಸುವ ಭರವಸೆ ಕೊಡಲಾರೆ ಎಂದುಬಿಟ್ಟರು.

ಎಂಡೊಸ್ಕೋಪಿ ಮಾಡುವ ಡಾಕ್ಟರಮ್ಮ ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದರು. ಮಂಪರು ಬರಿಸಿ, ಬಾಯಿಯಿಂದ ನಳಿಕೆ ಇಳಿಸಿ, ಕರುಳಿನ ಗೋಡೆಯಿಂದ ಪಕ್ಕದ ಪಿತ್ತಕೋಶಕ್ಕೆ ತೂತು ಕೊರೆದು ಸ್ಟೆಂಟು ಕೂರಿಸುವುದು; ಕೀವು ಕರುಳಿಗೇ ಹರಿದು ಹೋಗುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ, ಆದರೆ ಕೊಯ್ಯುವುದಕ್ಕಿಂತ ಕಡಿಮೆ. ಇನ್ನೊಂದು ದಾರಿ ಪಕ್ಕೆಗೆ ಚುಚ್ಚಿ ನಳಿಕೆ ಹಾಕಿ, ಹೊರಗೆ ಚೀಲ ಕಟ್ಟುವುದು. ಅದು ಅಗ್ಗ. ಯಾವುದಾದರೂ ಸರಿ, ಇವತ್ತೇ ಆಗಬೇಕು ಎಂದರು. ನನಗೆ ಕೇಳಿಸಿದ್ದು ‘ಅಗ್ಗ’ ಒಂದೇ.

ಬಿಲ್ಲಿನ ಕೌಂಟರಿಗೆ ಹೋಗಿ ಸ್ಟೆಂಟಿನ ದರ ಇಳಿಸಿರಿ, ಇಲ್ಲವಾದರೆ ಸಗಟಿನಲ್ಲಿ ನಾನೇ ತಂದು ಕೊಡುತ್ತೇನೆ ಎಂದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ನಮ್ಮ ಬಜಾರಿನಲ್ಲಿ ಇದಕ್ಕೊಂದು ಪದ್ಧತಿಯಿದೆ: ದರ ಕುದುರದಿದ್ದರೆ ಗಿರಾಕಿ ಎದ್ದು ಹೊರಡಬೇಕು, ಮೂರನೇ ಮೆಟ್ಟಿಲಿಗೆ ಅಂಗಡಿಯವ ಕರೆಯಬೇಕು. ಯೋಚನೆ ಮಾಡಿ ಹೇಳುತ್ತೇನೆ ಎಂದು ನಾನೂ ಹೊರಟೆ. ಲಿಫ್ಟಿನ ತನಕ ನಿಧಾನ ನಡೆದೆ. ಗೇಟಿನ ತನಕ ಇನ್ನೂ ನಿಧಾನ. ಎದುರಿನ ಹೋಟೆಲಿನಲ್ಲಿ ಎರಡು ಇರಾನಿ ಚಹಾ ಕುಡಿದೆ. ಯಾರೂ ಕರೆಯಲಿಲ್ಲ. ನಾಳೆ ಕರೆದೇ ಕರೆಯುತ್ತಾರೆ ಎಂದು ಹೆಂಡತಿಗೆ ಧೈರ್ಯ ಹೇಳಿದೆ.

ಮರುದಿನ ಬೆಳಿಗ್ಗೆ ಕರೆ ಬಂತು, ಐಸಿಯುವಿನಿಂದ. ನಂಜು ರಕ್ತಕ್ಕೇರಿ ಅಕ್ಕನ ಬಿಪಿ ಕುಸಿದಿತ್ತು.

ನಾನು ಹೋದಾಗ ಅಕ್ಕನಿಗೆ ಎಚ್ಚರವಿತ್ತು. ಚೌಕಾಸಿಯ ಕಥೆಯನ್ನು ಹೆಂಡತಿ ಆಗಲೇ ಮುಟ್ಟಿಸಿದ್ದಳು.

“ಎಷ್ಟಕ್ಕ ಇಳದ್ರೋ?” ಎಂದಳು.

ಇನ್ನೂ ಇಳಿದಿಲ್ಲ ಎಂದೆ.

“ಸತ್ತ ಮ್ಯಾಲೆ ನಾ ಭಾಳ ಸಸ್ತಾ ಬೀಳ್ತೀನಿ ತಮ್ಮಾ. ಅದಕ್ಕೇನು ಕಾಯಾಕತ್ತಿ?”

ಐಸಿಯು ನರ್ಸಿಗೆ ಕನ್ನಡ ಬಾರದ್ದು ನನ್ನ ಪುಣ್ಯ. ಚೀಲದ ಮಾತೆತ್ತಿದೆ. ಅದನ್ನು ನೀನೇ ಕಟ್ಟಿಕೊಂಡು ಗಲ್ಲಾದ ಮೇಲೆ ಕೂಡು ಎಂದು ಅಕ್ಕ ಮುಖ ತಿರುಗಿಸಿದಳು. ಸ್ಟೆಂಟಿಗೇ ಸಹಿ ಹಾಕಿದೆ. ಒಂದು ತಾಸಿನೊಳಗೆ ಕೆಲಸ ಮುಗಿಯಿತು. ಆದರೆ ಬಿಪಿ ಹತೋಟಿಗೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ನಾನು ಐಸಿಯು ಬಾಗಿಲ ಹೊರಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲ ದಿನವೇ ಮಾಡಿದ್ದರೆ ಬಹುಶಃ ವಾರ್ಡಿನಿಂದಲೇ ಮನೆಗೆ ಹೋಗುತ್ತಿದ್ದರು ಎಂದರು ಡಾಕ್ಟರಮ್ಮ. ಅಕ್ಕ ಐದನೇ ದಿನ ಎದ್ದು ಕೂತು, ಗಂಜಿಯಲ್ಲಿ ಉಪ್ಪಿಲ್ಲವೆಂದು ನನ್ನ ಹೆಂಡತಿಯನ್ನು ಬೈದಳು.

ಆದ್ದರಿಂದ ಹೇಳುತ್ತೇನೆ, ಕೇಳಿರಿ. ನಿಮ್ಮವರಿಗೆ ಹೀಗಾದರೆ ‘ಎಷ್ಟಾಗುತ್ತದೆ’ ಎನ್ನುವ ಮೊದಲು ‘ಎಷ್ಟು ತಾಸು ಕಾಯಬಹುದು’ ಎಂದು ಕೇಳಿರಿ. ಸ್ಟೆಂಟು ಒಳಗೇ ಇರುತ್ತದೋ, ತೆಗೆಸಬೇಕೋ, ಮತ್ತೆ ಯಾವಾಗ ತೋರಿಸಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಚೀಲವೋ ಸ್ಟೆಂಟೋ, ಹಾಸಿಗೆಯಲ್ಲಿ ಮಲಗಿದವರನ್ನು ಕೇಳಿರಿ. ಚೌಕಾಸಿ ಬಿಡಬೇಡಿರಿ, ಖೋಲಿ ಬಾಡಿಗೆಯಲ್ಲಿ ಇಳಿಸುವವರು ಇದ್ದಾರೆ. ಆದರೆ ಅದನ್ನು ರೋಗಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ ಮೇಲೆ ಶುರುಮಾಡಿರಿ.