ಹೊಲಿಗೆ ಟೀಚರ್ ಕಲಿಸಿದ ವ್ಯಾಪಾರ

ಹೈಸ್ಕೂಲಿನ ವೇಳಾಪಟ್ಟಿಯಿಂದ ಹೊಲಿಗೆ ಪೀರಿಯಡ್ಡನ್ನು ತೆಗೆದುಹಾಕಿದಾಗ, ಇನ್ನು ತಮ್ಮ ಕೆಲಸಕ್ಕೂ ಸಂಚಕಾರ ಬಂತೆಂದೇ ಹೊಲಿಗೆ ಟೀಚರ್ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಖಾಲಿಯಾದ ಜಾಗಕ್ಕೆ ‘ಹಣಕಾಸು ಮತ್ತು ವ್ಯಾಪಾರ’ ಎಂಬ ಹೊಸ ವಿಷಯ ಬಂದು ಕೂತಿತು. ಗಣಿತದ ಮೇಷ್ಟ್ರು ತಮ್ಮಿಂದಾಗದೆಂದು ಕೈಯೆತ್ತಿದರು. ಸಮಾಜದ ಮೇಷ್ಟ್ರಿಗೆ ಅದೇ ವಾರ ಸೊಂಟನೋವು ಶುರುವಾಯಿತು.

“ಪೀರಿಯಡ್ ಖಾಲಿ ಇರೋದು ನಿಮ್ಮದೇ. ನೀವೇ ತಗೊಂಡುಬಿಡಿ,” ಎಂದರು ಹೆಡ್ಮಾಸ್ಟರು.

“ಸಾರ್, ನಾನು ಒಬ್ಬಳೇ ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ.”

“ಪುಸ್ತಕ ಕೊಡ್ತಾರಲ್ಲ, ಓದ್ಕೊಳ್ಳಿ. ಒಂಬತ್ತನೇ ಕ್ಲಾಸಿನ ಮಕ್ಕಳು ನಿಮ್ಮನ್ನೇನು ತಿಂದುಹಾಕ್ತಾರಾ?”

ಮೊದಲ ದಿನವೇ ತಿಂದುಹಾಕಿದರು. ಉಳಿತಾಯದ ಪಾಠ ಅರ್ಧಕ್ಕೆ ಬಂದಿತ್ತು. ಬಾಯಿ ಮುಚ್ಚದ ಕಾರಣಕ್ಕೆ ಶಾಲೆಯೆಲ್ಲ ರೇಡಿಯೋ ಎಂದು ಕರೆಯುತ್ತಿದ್ದ ಹುಡುಗಿ ಎದ್ದು ನಿಂತಳು.

“ಟೀಚರ್, ನಿಮ್ಮ ಸಂಬಳದಲ್ಲಿ ನೀವೆಷ್ಟು ಉಳಿಸ್ತೀರಿ? ಅಂಕಿ ಬೇಡ, ನೂರಕ್ಕೆ ಎಷ್ಟು ಅಂತ ಹೇಳಿದ್ರೆ ಸಾಕು.”

ಟೀಚರಿಗೆ ಗೊತ್ತಿರಲಿಲ್ಲ. ಮದುವೆಯಾಗದೆ ಅಣ್ಣ ಅತ್ತಿಗೆಯ ಜೊತೆಗಿದ್ದ ಅವರ ಸಂಬಳವನ್ನು ಕೆಲಸಕ್ಕೆ ಸೇರಿದಂದಿನಿಂದ ಅಣ್ಣನೇ ನೋಡಿಕೊಳ್ಳುತ್ತಿದ್ದರು. ಎಟಿಎಂ ಕಾರ್ಡ್ ಇದ್ದದ್ದು ಅಣ್ಣನ ಜೇಬಿನಲ್ಲೇ. ಕೇಳಿದಾಗ ಇಲ್ಲವೆಂದವರಲ್ಲ, ಆದರೆ ಕೇಳಬೇಕಿತ್ತು.

“ಗೊತ್ತಿಲ್ಲ ಕಣೇ. ತಿಳ್ಕೊಂಡು ಬಂದು ಹೇಳ್ತೀನಿ,” ಎಂದರು ಟೀಚರ್. ಯಾರೂ ನಗಲಿಲ್ಲ. ಗೊತ್ತಿಲ್ಲ ಎನ್ನುವ ಟೀಚರನ್ನು ಆ ಮಕ್ಕಳು ಅಷ್ಟಾಗಿ ಕಂಡಿರಲಿಲ್ಲ.

ಅಂದು ಸಂಜೆ ಕಾಫಿ ಲೋಟ ಅಣ್ಣನ ಮುಂದಿಟ್ಟು, “ನನ್ನ ಅಕೌಂಟನ್ನ ಇನ್ಮೇಲೆ ನಾನೇ ನೋಡ್ಕೊಳ್ತೀನಿ,” ಎಂದರು.

ಅಣ್ಣನ ಮುಖ ಸಪ್ಪಗಾಯಿತು. “ಯಾಕೆ, ನನ್ನ ಮೇಲೆ ನಂಬಿಕೆ ಹೋಯ್ತಾ?”

“ನಿನ್ನ ಮೇಲೆ ನಂಬಿಕೆ ಇದೆ ಅಣ್ಣ. ನನ್ನ ಮೇಲೇ ಇಲ್ಲ. ಅದು ಬರ್ಲಿ ಅಂತ.”

ಎರಡು ದಿನ ಅಣ್ಣ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಸ್ಕೂಟರ್ ತೆಗೆದು ಬ್ಯಾಂಕಿಗೆ ಕರೆದೊಯ್ದರು. ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತು, ಕಾರ್ಡನ್ನು ಟೀಚರ ಕೈಗಿಟ್ಟು, “ಹೋಗು, ನೀನೇ ಕೇಳು,” ಎಂದರು. ಕೌಂಟರಿನಲ್ಲಿ ಟೀಚರ್ ಪಾಸ್‌ಬುಕ್ ಬರೆಸಿ, ಒಂದೊಂದು ಸಾಲನ್ನೂ ಕೇಳಿ ತಿಳಿದುಕೊಂಡರು. ಹೊರಗೆ ಬಂದಾಗ ಕಾರ್ಡು ಅವರ ಪರ್ಸಿನಲ್ಲಿತ್ತು. ಅಣ್ಣ ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಆದರೆ ಬಡ್ಡಿ ಅಷ್ಟಕ್ಕಷ್ಟೇ ಇದ್ದ ಸಾಮಾನ್ಯ ಖಾತೆಯಲ್ಲೇ ಇಷ್ಟು ವರ್ಷ ದುಡ್ಡು ಸುಮ್ಮನೆ ಮಲಗಿತ್ತು. ಅದು ಅಣ್ಣನಿಗೂ ಹೊಳೆದಿರಲಿಲ್ಲ. ಮನೆಗೆ ಬಂದು ಇಬ್ಬರೂ ಟೀಚರ ಪಠ್ಯಪುಸ್ತಕವನ್ನೇ ಮುಂದಿಟ್ಟುಕೊಂಡು ಕೂತರು. ಮರುದಿನ ಕ್ಲಾಸಿನಲ್ಲಿ ರೇಡಿಯೋಗೆ ನೂರಕ್ಕೆ ಎಷ್ಟೆಂಬ ಉತ್ತರ ಸಿಕ್ಕಿತು.

ಪುಸ್ತಕದ ಎರಡನೇ ಭಾಗದಲ್ಲಿ, ಮಕ್ಕಳೇ ಒಂದು ಸಣ್ಣ ವ್ಯಾಪಾರ ನಡೆಸಬೇಕೆಂದಿತ್ತು. ಹೊಲಿಗೆ ಕೋಣೆಯ ಮಷೀನುಗಳು ದೂಳು ತಿನ್ನುತ್ತಿದ್ದವು. ಬಟ್ಟೆಯ ಚೀಲ ಹೊಲಿದು ಮಾರೋಣವೆಂದು ಕ್ಲಾಸು ತೀರ್ಮಾನಿಸಿತು. ಬಂಡವಾಳಕ್ಕಾಗಿ ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ ಸಣ್ಣ ಸಣ್ಣ ಷೇರು ಮಾರಿದರು. ಚೀಲಗಳೇನೋ ಚೆನ್ನಾಗಿಯೇ ಬಂದವು. ಕೊಳ್ಳುವವರು ಬರಲಿಲ್ಲ. ಗೇಟಿನ ಬಳಿ ಮೇಜು ಹಾಕಿಕೊಂಡು ಮಕ್ಕಳು ನೊಣ ಹೊಡೆಯುತ್ತಾ ಕೂತರು. ಎಲ್ಲರ ಮನೆಯಲ್ಲೂ ಚೀಲಗಳು ಬೇಕಾದಷ್ಟಿದ್ದವು. ಮೊದಲೇ ಕೇಳಿ ನೋಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಮಕ್ಕಳ ಜೋಲುಮುಖ ನೋಡಲಾಗದೆ ಟೀಚರ್ ಒಂದು ಬೆಳಿಗ್ಗೆ ಪರ್ಸ್ ತೆರೆದರು. “ಉಳಿದ ಚೀಲವೆಲ್ಲ ನನಗಿರಲಿ. ನಮ್ಮ ನೆಂಟರಿಗೆ ಬೇಕಂತೆ.”

ರೇಡಿಯೋ ಪರ್ಸನ್ನೊಮ್ಮೆ, ಟೀಚರ ಮುಖವನ್ನೊಮ್ಮೆ ನೋಡಿದಳು.

“ಯಾವ ನೆಂಟರು ಟೀಚರ್?”

ಟೀಚರ್ ಚೀಲಗಳನ್ನು ಎಣಿಸತೊಡಗಿದರು.

“ನೀವು ತಗೊಂಡ್ರೆ ಅದು ವ್ಯಾಪಾರ ಆಗಲ್ಲ, ಪಾಪ ಅಂತ ಕೊಟ್ಟಂಗೆ. ನಷ್ಟ ಆಗಿದೆ ಅಂತ ಹೇಳಿಬಿಡೋಣ. ಷೇರು ತಗೊಂಡವರನ್ನ ಕರೆದು ನಾನೇ ಹೇಳ್ತೀನಿ.”

ಟೀಚರ್ ಪರ್ಸ್ ಮುಚ್ಚಿದರು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಶನಿವಾರ ಹೊಲಿಗೆ ಕೋಣೆಯಲ್ಲಿ ಸಭೆ ಸೇರಿತು. ರೇಡಿಯೋ ಎದ್ದು ನಿಂತು, ಏನು ಹೊಲಿದೆವು, ಯಾಕೆ ಮಾರಾಟವಾಗಲಿಲ್ಲ, ಎಷ್ಟು ಉಳಿದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಕೊನೆಗೆ, “ನಿಮಗೆ ನಮ್ಮಿಂದ ಏನು ಬೇಕಿತ್ತು ಅಂತ ಮೊದಲೇ ಕೇಳಬೇಕಿತ್ತು. ಈಗ ಕೇಳ್ತಿದೀವಿ,” ಎಂದಳು.

ಯಾರೋ ಒಬ್ಬರು ಗೊಣಗಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯ ಅಪ್ಪ, ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಎದ್ದು ನಿಂತರು.

“ನೋಡಮ್ಮಾ, ನನ್ನ ಮಗಳ ಸ್ಕೂಲ್ ಬ್ಯಾಗಿನ ಜಿಪ್ ಕಿತ್ತು ಯಾವ ಕಾಲವಾಯ್ತೋ. ರಿಪೇರಿ ಮಾಡೋನು ಪೇಟೆಯ ಆ ಕೊನೆಗಿದಾನೆ. ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರ್ತಾನೆ. ಅದನ್ನ ನೀವು ಹಾಕ್ಕೊಡ್ತೀರಾ?”

“ನಮ್ಮನೇದೂ ಇದೆ,” ಎಂದರು ಒಬ್ಬ ತಾಯಿ. ಆಮೇಲೆ ಮತ್ತೊಬ್ಬರು.

ಜಿಪ್ ಹಾಕುವುದನ್ನು ಟೀಚರ್ ಕಲಿಸಿದರು. ಅದು ಅವರಿಗೆ ನೀರು ಕುಡಿದಷ್ಟು ಸುಲಭ. ಮಾರಾಟವಾಗದ ಚೀಲಗಳನ್ನು ಬಿಚ್ಚಿ, ಹರಿದ ಬ್ಯಾಗುಗಳ ತಳಕ್ಕೆ ಮಕ್ಕಳು ಒಳಗಿನಿಂದ ಆಸರೆಗೆ ಒತ್ತುಬಟ್ಟೆ ಹೊಲಿದರು. ಈ ಸಲ ನೂಲಿನ ಖರ್ಚು, ಸೂಜಿ ಮುರಿದ ಖರ್ಚು ಎಲ್ಲವನ್ನೂ ಸೇರಿಸಿಯೇ ದರ ಗೊತ್ತುಮಾಡಿದರು. ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಷೇರುದಾರರ ಅಸಲು ವಾಪಸ್ಸಾಯಿತು, ಮೇಲೆ ಚಿಲ್ಲರೆ ಲಾಭವೂ ಸಿಕ್ಕಿತು. ಲಾಭ ಒಂದು ಐಸ್‌ಕ್ರೀಮಿಗೂ ಸಾಲದೆಂದು ಗಣಿತದ ಮೇಷ್ಟ್ರು ನಕ್ಕರು. ನಕ್ಕರೂ ಮುಂದಿನ ವರ್ಷಕ್ಕೆ ಎರಡು ಷೇರು ಬೇಕೆಂದು ಹೇಳಿಟ್ಟರು.

ರೇಡಿಯೋ ಮುಂದೆ ವ್ಯಾಪಾರದ ದಾರಿ ಹಿಡಿಯಲಿಲ್ಲ, ನರ್ಸಿಂಗ್ ಸೇರಿದಳು. ಕಾಲೇಜಿಗೆ ಸಾಲ ತೆಗೆಯುವ ಮುಂಚೆ ಮೂರು ಬ್ಯಾಂಕಿನ ಬಡ್ಡಿಯನ್ನು ಹೋಲಿಸಿ ನೋಡಿ, ಮ್ಯಾನೇಜರಿಗೆ ಬೆವರಿಳಿಸಿ ಬಂದಳಂತೆ.

ಜಿಪ್ಪಿನ ಅಂಗಡಿಯನ್ನು ಈಗ ಹೊಸ ಒಂಬತ್ತನೇ ಕ್ಲಾಸು ನಡೆಸುತ್ತಿದೆ. ಬ್ಯಾಗು ಕೊಡಲು ಬಂದ ತಾಯಂದಿರು ಬಾಗಿಲಲ್ಲಿ ನಿಂತು ಪಾಠ ಕೇಳಿಸಿಕೊಳ್ಳುವುದನ್ನು ಕಂಡು ಟೀಚರ್ ಅವರನ್ನೂ ಒಳಗೆ ಕೂರಿಸಿದರು. ಶನಿವಾರ ನಡೆಯುವ ಆ ಕ್ಲಾಸಿಗೆ ಡ್ರೈವರಣ್ಣನ ಹೆಂಡತಿ ತಪ್ಪದೆ ಬರುತ್ತಾರೆ. ಕಳೆದ ವಾರ ಅವರು ಕೈಯೆತ್ತಿ, “ಟೀಚರ್, ನನ್ನ ಹೆಸರಲ್ಲೇ ಅಕೌಂಟ್ ತೆಗೆದೆ. ಮುಂದೇನು ಮಾಡ್ಲಿ?” ಎಂದು ಕೇಳಿದರು. ಟೀಚರ್ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತರು.